ಐಡಿ ಹಾಕುವ ಮೊದಲು: ಆನ್‌ಲೈನ್ ಚೈನ್ ಯೋಜನೆಗಳನ್ನು ಗುರುತಿಸುವುದು, ತಪ್ಪಿಸಿಕೊಳ್ಳುವುದು

ಆಧಾರ್, ಪಾನ್ ಕಾರ್ಡ್, ಅಡ್ಡಗೆರೆ ಎಳೆದ ಒಂದು ಚೆಕ್ ಹಾಳೆ. ಈ ಮೂರನ್ನೂ ಒಟ್ಟಿಗೆ ಸ್ಕ್ಯಾನ್ ಮಾಡಿಸಲು ಯಾರಾದರೂ ಬಂದು, "ಯಾವುದಕ್ಕೆ?" ಎಂದು ಕೇಳಿದರೆ ಸಣ್ಣಗೆ ನಕ್ಕು ಸುಮ್ಮನಾದರೆ ನನಗೆ ಗೊತ್ತಾಗಿಬಿಡುತ್ತದೆ: ಇವರು ಎಲ್ಲಿಯೋ ಐಡಿ ಹಾಕುತ್ತಿದ್ದಾರೆ, ಎಂದರೆ ಹಣ ಕಟ್ಟಿ ಜನ ಸೇರಿಸುವ ಯಾವುದೋ ಚೈನ್ ಯೋಜನೆಗೆ ಸೇರುತ್ತಿದ್ದಾರೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಸಣ್ಣ ಅಂಗಡಿ. ಪಿಂಚಣಿ ಅರ್ಜಿ, ಪಿಎಸ್‌ಸಿ ನೋಂದಣಿ, ಕರೆಂಟು ಬಿಲ್ಲುಗಳ ನಡುವೆ ವರ್ಷಕ್ಕೆ ಎರಡು ಮೂರು ಸಲ ಇಂಥ ಸ್ಕ್ಯಾನಿನ ಒಂದು ಅಲೆ ಬರುತ್ತದೆ. ಒಂದು ವಾರ ಒಂದೇ ಕುಟುಂಬದವರು, ಮರುವಾರ ಅವರ ನೆರೆಯವರು, ಆಮೇಲೆ ಅವರ ಸಂಬಂಧಿಕರು ಬರುತ್ತಾರೆ. ಅಡಿಕೆ ಕೊಟ್ಟ ಹಣ ಕೈಗೆ ಬರುವ ಸಮಯದಲ್ಲಿ ಅಲೆ ಸ್ವಲ್ಪ ಜೋರು. ಆರು ತಿಂಗಳಾದ ಮೇಲೆ ಅವರಲ್ಲೇ ಕೆಲವರು ಬಂದು, "ಇದರ ವೆಬ್‌ಸೈಟ್ ತೆರೆಯುವುದಿಲ್ಲವಲ್ಲ, ನಿಮ್ಮ ಕಂಪ್ಯೂಟರಿನಲ್ಲಿ ನೋಡಿ ಮಾರಾಯ್ರೆ" ಎನ್ನುತ್ತಾರೆ.

ನಾನು ಅವರನ್ನು ನೋಡಿ ನಗುವ ಹಾಗಿಲ್ಲ. 2020ರಲ್ಲಿ, ಅಂಗಡಿ ಮುಚ್ಚಿ ಕೂತಿದ್ದ ಕಾಲಕ್ಕೆ, ನಾನೂ 7,500 ರೂಪಾಯಿ ಕೊಟ್ಟು ಒಂದು ಐಡಿ ಹಾಕಿದವನು. ಮೂವರನ್ನು ಸೇರಿಸಿದವನು ಸಹ. ಮುಂದಿನ ಹೆಜ್ಜೆಗಳನ್ನು ಆ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಫೋನು ಬಂದ ಕ್ಷಣದಲ್ಲೇ ಗುರುತಿಸುವುದು

ಈ ಯೋಜನೆಗಳನ್ನು ಅಪರಿಚಿತರು ತರುವುದು ಕಡಿಮೆ. ಬ್ಯಾಂಕಿನ ಹೆಸರು ಹೇಳಿ ಒಟಿಪಿ ಕೇಳುವವನ ಸ್ವರ ಕೇಳಿದರೆ ಈಗ ನಮ್ಮಲ್ಲಿ ಅಜ್ಜಿಯಂದಿರೂ ಫೋನು ಇಡುತ್ತಾರೆ. ಆದರೆ ಹೆಂಡತಿಯ ಅಣ್ಣನ ಫೋನು ಯಾರು ಇಡುತ್ತಾರೆ? "ಭಾವ, ಒಂದು ವಿಷಯ ಉಂಟು. ಫೋನಿನಲ್ಲಿ ಹೇಳುವಂಥದ್ದಲ್ಲ. ಆದಿತ್ಯವಾರ ಪುರುಸೊತ್ತು ಉಂಟಾ?" ನನಗೆ ಬಂದದ್ದು ಹೀಗೆ. ಕಂಪನಿಯ ಹೆಸರಿಲ್ಲ, ವ್ಯಾಪಾರ ಏನೆಂದಿಲ್ಲ, ಹಣದ ಮಾತೇ ಇಲ್ಲ. ಕೇಳಿದರೆ "ಮೊದಲು ಪ್ಲಾನ್ ನೋಡಿ, ಆಮೇಲೆ ಮಾತಾಡುವ" ಎಂಬ ಉತ್ತರ. ಹೀಗೆ ಹೇಳಬೇಕೆಂದು ಅವರಿಗೆ ಕಲಿಸಿರುತ್ತಾರೆ. ಸೇರಿದ ಮೊದಲ ದಿನವೇ ನಿಮ್ಮ ಮೊಬೈಲಿನಲ್ಲಿರುವ ನೂರು ಹೆಸರುಗಳನ್ನು ಪಟ್ಟಿ ಮಾಡಿಸಿ, ಯಾರಿಗೆ ಹೇಗೆ ಮಾತಾಡಬೇಕು ಎಂದು ಬರೆದೇ ಕೊಡುತ್ತಾರೆ. ಭಾವ ತನ್ನ ಬುದ್ಧಿಯಿಂದ ಮಾತಾಡುತ್ತಿದ್ದಾನೆ ಎಂದು ನೀವು ತಿಳಿದಿರುತ್ತೀರಿ. ಅವನು ಓದುತ್ತಿರುವುದು ಯಾರೋ ಬರೆದ ಹಾಳೆಯನ್ನು.

ನಿಜವಾದ ವ್ಯಾಪಾರಕ್ಕೆ ಈ ಮುಚ್ಚುಮರೆ ಬೇಕಾಗುವುದಿಲ್ಲ. ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಅಡಿಕೆ ಕೊಡುವವನು "ಒಂದು ಅವಕಾಶ ಉಂಟು, ಝೂಮಿಗೆ ಬನ್ನಿ" ಎಂದು ಯಾರನ್ನೂ ಕರೆಯುವುದಿಲ್ಲ.

ಎರಡನೇ ಹೆಜ್ಜೆ: ಒಂದೇ ಪ್ರಶ್ನೆ ಕೇಳುವುದು

ಪ್ಲಾನ್ ತೋರಿಸುವ ಮೀಟಿಂಗಿಗೆ ಹೋದಿರಿ ಎಂದಿಟ್ಟುಕೊಳ್ಳಿ. ಕಾರಿನ ಚಿತ್ರ, ದುಬೈ ಪ್ರವಾಸದ ವಿಡಿಯೋ, "ಎರಡು ವರ್ಷದ ಹಿಂದೆ ನಾನೂ ನಿಮ್ಮ ಹಾಗೆಯೇ ಇದ್ದೆ" ಎನ್ನುವ ಲೀಡರ್. ನಮ್ಮ ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ತರಬೇತಿಯ ವಿಡಿಯೋ ಮಲಯಾಳದಲ್ಲಿ, ಹುರಿದುಂಬಿಸುವ ವಾಯ್ಸ್ ಮೆಸೇಜು ತುಳುವಿನಲ್ಲಿ, ಮಂಗಳೂರಿನ ಹೋಟೆಲಿನ ಸಭೆ ಕನ್ನಡದಲ್ಲಿ. ಸಹಿ ಹಾಕುವ ಷರತ್ತಿನ ಪುಟ ಮಾತ್ರ ಇಂಗ್ಲಿಷಿನಲ್ಲಿ. ಅದನ್ನು ಓದಿದವರನ್ನು ನಾನು ಇದುವರೆಗೆ ಕಂಡಿಲ್ಲ, ನನ್ನನ್ನೂ ಸೇರಿಸಿ.

ಅಲ್ಲಿ ಹತ್ತು ಪ್ರಶ್ನೆ ಕೇಳಲು ಹೋಗಬೇಡಿ. ಹತ್ತಕ್ಕೂ ಅವರಲ್ಲಿ ಉತ್ತರ ತಯಾರಿರುತ್ತದೆ. ಇದೊಂದನ್ನು ಕೇಳಿ: "ನಾನು ಹಣ ಕೊಟ್ಟು ಸೇರುತ್ತೇನೆ, ಆದರೆ ಒಬ್ಬರನ್ನೂ ಸೇರಿಸುವುದಿಲ್ಲ. ಒಂದು ವರ್ಷದಲ್ಲಿ ನನಗೆ ಎಷ್ಟು ಬರುತ್ತದೆ, ಅದು ಯಾರ ಜೇಬಿನಿಂದ ಬರುತ್ತದೆ?"

ಏನೂ ಬರುವುದಿಲ್ಲ ಎಂದರೆ ಅದು ಪಿರಮಿಡ್. ಹೊಸಬರ ಹಣವೇ ಹಳಬರ ಆದಾಯ. ಸುಮ್ಮನೆ ಕೂತರೂ ದಿನಕ್ಕೆ ಇಷ್ಟು ಬರುತ್ತದೆ ಎಂದರೆ ಇನ್ನೂ ಅಪಾಯ. ಅದನ್ನು ಪೋಂಜಿ ಎನ್ನುತ್ತಾರೆ. 1920ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಚಾರ್ಲ್ಸ್ ಪೋಂಜಿ ಎಂಬಾತ ಅಂಚೆ ಕೂಪನ್‌ಗಳ ವ್ಯಾಪಾರ ಎಂದು ಹೇಳಿ, 45 ದಿನಕ್ಕೆ ನೂರಕ್ಕೆ ಐವತ್ತು ಲಾಭ ಕೊಡುತ್ತೇನೆಂದು ಹಣ ಎತ್ತಿದ್ದ. ಕೂಪನ್ ವ್ಯಾಪಾರ ಹೆಸರಿಗೆ ಮಾತ್ರ. ನಿನ್ನೆ ಬಂದವನಿಗೆ ಇಂದು ಬಂದವನ ಹಣ ಹೋಗುತ್ತಿತ್ತು. ಈಗ ಅಂಚೆ ಕೂಪನ್ನಿನ ಜಾಗದಲ್ಲಿ ಕ್ರಿಪ್ಟೋ ಕಾಯಿನ್, ಟ್ರೇಡಿಂಗ್ ರೋಬೋ, ಓಟಿಟಿ ಪ್ಯಾಕೇಜು. ಇಂದಿನ ಹೆಚ್ಚಿನ ಆ್ಯಪುಗಳಲ್ಲಿ ಎರಡೂ ಬೆರೆತಿರುತ್ತವೆ: ದಿನದ ಲಾಭ ಒಂದು ಕಡೆ, ಜನ ಸೇರಿಸಿದ ಕಮಿಷನ್ ಇನ್ನೊಂದು ಕಡೆ.

ಮೂರನೇ ಹೆಜ್ಜೆ: ಬಿಳಿ ಹಾಳೆಯಲ್ಲಿ ಗುಣಿಸುವುದು

ಇದನ್ನು ಬಾಯಿಲೆಕ್ಕ ಮಾಡಬೇಡಿ, ಬರೆಯಿರಿ. "ಬರೇ ಐದು ಜನ ಸಾಕು, ಅವರು ಐದೈದು ಜನ ತರುತ್ತಾರೆ" ಎನ್ನುತ್ತಾರಲ್ಲ, ಅದನ್ನೇ ಬರೆಯುತ್ತಾ ಹೋಗಿ. 5, 25, 125, 625, 3,125, 15,625, 78,125, 3,90,625. ಒಂಬತ್ತನೆಯ ಸಾಲಿಗೆ 19,53,125. 2011ರ ಜನಗಣತಿಯಲ್ಲಿ ಇಡೀ ಕಾಸರಗೋಡು ಜಿಲ್ಲೆಯ ಜನಸಂಖ್ಯೆ 13,07,375. ಮಂಜೇಶ್ವರದ ತಲಪಾಡಿ ಗಡಿಯಿಂದ ತೃಕ್ಕರಿಪುರದವರೆಗಿನ ತೊಟ್ಟಿಲ ಮಕ್ಕಳನ್ನೂ ಸೇರಿಸಿದರೂ ಒಂಬತ್ತನೆಯ ಸಾಲು ತುಂಬುವುದಿಲ್ಲ.

ನಮ್ಮದೇ ರಾಜ್ಯದ ಅಂಬಲಪ್ಪುಳದಲ್ಲಿ ಹಾಲುಪಾಯಸದ ಕತೆಯೊಂದಿದೆ. ಚದುರಂಗದಲ್ಲಿ ಗೆದ್ದ ಸನ್ಯಾಸಿ ಮೊದಲ ಮನೆಗೆ ಒಂದು ಅಕ್ಕಿಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಕೇಳಿದ. ಇಷ್ಟೇಯಾ ಎಂದು ನಕ್ಕ ಅರಸನ ಕಣಜ ಅರವತ್ತನಾಲ್ಕು ಮನೆ ಮುಟ್ಟುವ ಮೊದಲೇ ಬರಿದಾಯಿತು. ಆ ಸಾಲವನ್ನು ತೀರಿಸಲು ಇಂದಿಗೂ ಪಾಯಸ ಹಂಚುತ್ತಾರೆ ಎಂಬುದು ನಂಬಿಕೆ. ಪಾಯಸದ ಕತೆ ಗೊತ್ತಿದ್ದವರೂ ಪ್ಲಾನಿಗೆ ಬೀಳುವುದು ಹೇಗೆಂದು ನನಗೆ ಸೋಜಿಗ. ಅಲ್ಲಿ ಅರಸನ ಜಾಗದಲ್ಲಿ ನಾವೇ ಕೂತಿದ್ದೇವೆಂದು ತಿಳಿಯುವುದಿಲ್ಲ, ಅಷ್ಟೇ.

ಇನ್ನೊಂದು ಗೆರೆ ಎಳೆಯಿರಿ. ಐದೈದರ ಮರ ಯಾವ ಸಾಲಿನಲ್ಲಿ ನಿಂತರೂ, ಒಟ್ಟು ಸೇರಿದವರಲ್ಲಿ ನೂರಕ್ಕೆ ಸುಮಾರು ಎಂಬತ್ತು ಮಂದಿ ಆ ಕೊನೆಯ ಸಾಲಿನಲ್ಲೇ ಇರುತ್ತಾರೆ. ಅವರ ಕೆಳಗೆ ಯಾರೂ ಇಲ್ಲ. ಲೀಡರು ಒಳ್ಳೆಯವನೋ ಕೆಟ್ಟವನೋ, ಕಂಪನಿ ಓಡಿಹೋಯಿತೋ ಇಲ್ಲವೋ, ಆ ಎಂಬತ್ತು ಮಂದಿಯ ಹಣ ಹೋಗಲೇಬೇಕು. ಇಲ್ಲವಾದರೆ ಮೇಲಿನವರಿಗೆ ಕೊಡಲು ಹಣವಿಲ್ಲ.

ಲೆಫ್ಟ್–ರೈಟ್ ಎಂಬ ಮಾಯೆ

ಇದಕ್ಕೊಂದು ಪ್ರತ್ಯೇಕ ಜಾಗ ಬೇಕು, ಏಕೆಂದರೆ ನಾನು ಬಿದ್ದದ್ದು ಇದರಲ್ಲೇ. ಬೈನರಿ ಪ್ಲಾನಿನಲ್ಲಿ ನಿಮ್ಮ ಕೆಳಗೆ ಎರಡೇ ಕೈ: ಎಡ, ಬಲ. ಎಡದಲ್ಲೊಬ್ಬರು, ಬಲದಲ್ಲೊಬ್ಬರು ಆದರೆ ಒಂದು ಜೋಡಿ. ಜೋಡಿಗೆ ಇಷ್ಟು ಹಣ. ನನ್ನದರಲ್ಲಿ ಜೋಡಿಗೆ 500, ನಾನೇ ನೇರವಾಗಿ ಸೇರಿಸಿದ ಒಬ್ಬೊಬ್ಬರ ಲೆಕ್ಕದಲ್ಲಿ ನನಗೆ 1,000.

ಸೇರಿದ ಎರಡನೆಯ ವಾರಕ್ಕೆ ಭಾವನ ಫೋನು: "ಎಡದಲ್ಲಿ ನಲುವತ್ತು ಜನ ಬಿದ್ದರು ನಿಮಗೆ!" ಆ್ಯಪು ತೆರೆದು ನೋಡಿದರೆ ಹೌದು, ಎಡಗಡೆಯಲ್ಲಿ ನಾನು ಕಾಣದ, ಕೇಳದ ನಲುವತ್ತು ಹೆಸರು. ಮೇಲಿನವರು ತಾವು ಸೇರಿಸಿದವರನ್ನು ನನ್ನ ಎಡಗೈಯ ಕೆಳಗೆ ಸುರಿದಿದ್ದರು. ಆ ರಾತ್ರಿ ನಿದ್ದೆ ಬರಲಿಲ್ಲ, ಖುಷಿಗೆ. ಬೆಳಿಗ್ಗೆ ಲೆಕ್ಕ ಹಾಕಿದಾಗ ಗೊತ್ತಾಯಿತು: ಹಣ ಕೊಡುವುದು ಕಡಿಮೆ ಇರುವ ಕೈಯ ಲೆಕ್ಕದಲ್ಲಿ. ಎಡದಲ್ಲಿ ನಲುವತ್ತು, ಬಲದಲ್ಲಿ ಸೊನ್ನೆ ಎಂದರೆ ಜೋಡಿ ಸೊನ್ನೆ. ಬಲಗೈ ತುಂಬಿಸುವ ಕೆಲಸ ನನ್ನೊಬ್ಬನದು. ನಲುವತ್ತು ಜೋಡಿ ಕೈಗೆ ಸಿಗುವಷ್ಟು ಹತ್ತಿರ ಇದೆ ಎನ್ನುವ ಆಸೆಯಲ್ಲಿ ನಾನು ಬಲಗೈಗೆ ಮೂವರನ್ನು ಹಿಡಿದು ತಂದೆ: ಪಕ್ಕದ ಮೊಬೈಲ್ ಅಂಗಡಿಯ ಇಚ್ಚ, ನನಗೆ ಕಲಿಸಿದ ಮಾಷ್ಟ್ರ ಮಗ, ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಅಕ್ಕ. ಮೂರು ಸಾವಿರ ನೇರದ್ದು, ಸಾವಿರದೈನೂರು ಜೋಡಿಯದ್ದು. ಅದರಲ್ಲಿ ಟಿಡಿಎಸ್ ಎಂಬ ತೆರಿಗೆ, ಅಡ್ಮಿನ್ ಚಾರ್ಜು ಎಂದು ಕಡಿತ. ಉಳಿದದ್ದರಲ್ಲಿ 2,000 ಮಾತ್ರ ಬ್ಯಾಂಕಿಗೆ ಬಂತು. ಮಿಕ್ಕಿದ್ದು ವಾಲೆಟ್ಟಿನಲ್ಲಿ ಅಂಕೆಯಾಗಿ ಉಳಿಯಿತು. ಆಮೇಲೆ ಆ ಅಂಕೆಯನ್ನು ಕಂಪನಿ ತನ್ನದೇ ಕಾಯಿನ್‌ಗೆ ಬದಲಿಸಿತು. ಆಮೇಲೆ ವೆಬ್‌ಸೈಟೇ ಇಲ್ಲ.

ಎಡಗೈ ತುಂಬಿದ್ದು ಕಂಡರೆ ಖುಷಿಪಡಬೇಡಿ. ಅದು ಮೀನಿಗೆ ಹಾಕಿದ ಎರೆ.

ನಾಲ್ಕನೇ ಹೆಜ್ಜೆ: ವಸ್ತುವನ್ನು ಕೈಯಲ್ಲಿ ಹಿಡಿದು ನೋಡುವುದು

"ಇದು ಚೈನ್ ಅಲ್ಲ, ಪ್ರಾಡಕ್ಟ್ ಉಂಟು" ಎನ್ನುವವರಿಗೆ ಒಂದೇ ಪರೀಕ್ಷೆ. ಸದಸ್ಯನಲ್ಲದ ಮನುಷ್ಯ, ಕಮಿಷನ್ನಿನ ಆಸೆಯಿಲ್ಲದೆ, ಈ ಬೆಲೆಗೆ ಇದನ್ನು ಕೊಳ್ಳುತ್ತಾನೆಯೇ? ನನಗೆ ಬಂದ ಕಿಟ್ಟಿನಲ್ಲಿ ಎರಡು ಬಾಟಲಿ ಜ್ಯೂಸು, ಒಂದು ಡಬ್ಬ ಪುಡಿ. ಕುಂಬಳೆಯ ಯಾವ ಅಂಗಡಿಯಲ್ಲೂ ಅದು ಏಳುನೂರು ದಾಟುವಂಥದ್ದಲ್ಲ. ಉಳಿದ 6,800 ರೂಪಾಯಿ ಸೇರಿಕೊಂಡದ್ದಕ್ಕೆ ಕೊಟ್ಟ ಪ್ರವೇಶಧನ. ಡಿಜಿಟಲ್ ಕೋರ್ಸು, ಇ–ಬುಕ್ಕು, ಜಾಹೀರಾತು ನೋಡುವ ಪ್ಯಾಕೇಜುಗಳಲ್ಲಿ ಇದನ್ನು ಅಳೆಯುವುದು ಇನ್ನೂ ಕಷ್ಟ. ಆದ್ದರಿಂದಲೇ ಈಗ ಅವು ಹೆಚ್ಚು. 2011ರಲ್ಲಿ ಕುಸಿದ ಸ್ಪೀಕ್ ಏಷ್ಯಾ 11,000 ರೂಪಾಯಿ ಕಟ್ಟಿಸಿಕೊಂಡು ಆನ್‌ಲೈನ್ ಸರ್ವೆ ತುಂಬಿಸುತ್ತಿತ್ತು. 2017ರಲ್ಲಿ ನೋಯ್ಡಾದಲ್ಲಿ ಸಿಕ್ಕಿಬಿದ್ದ ಸೋಶಿಯಲ್ ಟ್ರೇಡ್ ಒಂದೊಂದು ಲೈಕಿಗೆ 5 ರೂಪಾಯಿ ಕೊಡುತ್ತೇನೆಂದಿತು. ಅಲ್ಲಿ ಪೊಲೀಸರು ಹೇಳಿದ ಮೊತ್ತ ಸುಮಾರು 3,700 ಕೋಟಿ. ಲೈಕ್ ಒತ್ತುವುದನ್ನು ಕೆಲಸ ಎಂದು ನಂಬಿಸಿದ ಜಾಣ್ಮೆಗೆ ಮೆಚ್ಚಬೇಕು.

ಚಿಟ್ಟಿಗೂ (ಚೀಟಿ ವ್ಯವಹಾರಕ್ಕೂ) ಇದಕ್ಕೂ ಏನು ವ್ಯತ್ಯಾಸ ಎಂದು ಅಂಗಡಿಯಲ್ಲಿ ಹಲವರು ಕೇಳುತ್ತಾರೆ. ಕೇರಳ ಸರಕಾರದ ಸಂಸ್ಥೆಯಾದ ಕೆಎಸ್‌ಎಫ್‌ಇಯ ಚಿಟ್ಟಿಯಲ್ಲಿ ಸದಸ್ಯರ ಸಂಖ್ಯೆ, ತಿಂಗಳು, ಕಂತು ಎಲ್ಲ ಮೊದಲೇ ನಿಗದಿ. ಎಲ್ಲರಿಗೂ ಒಂದು ಸಲ ಹಣ ಸಿಗುತ್ತದೆ. ನಡೆಸುವವರ ಕಮಿಷನ್ 1982ರ ಚಿಟ್ ಫಂಡ್ ಕಾಯಿದೆಯ ಪ್ರಕಾರ ನೂರಕ್ಕೆ ಏಳನ್ನು ಮೀರುವಂತಿಲ್ಲ. ಹೊಸಬರನ್ನು ತರದಿದ್ದರೂ ಅದು ಮುಗಿಯುತ್ತದೆ. ಹೊಸಬರು ಬಾರದಿದ್ದರೆ ಸಾಯುವುದು ಪಿರಮಿಡ್ ಮಾತ್ರ.

ಐದನೇ ಹೆಜ್ಜೆ: ಕಾಗದ ನೋಡುವುದು, ಆದರೆ ಕಾಗದಕ್ಕೆ ಮರುಳಾಗದಿರುವುದು

ಕಂಪನಿ ನೋಂದಣಿ ಪತ್ರ, ಜಿಎಸ್‌ಟಿ ನಂಬರು, ಉದ್ಯಮ್ ನೋಂದಣಿ, ಐಎಸ್‌ಒ, ಪಾನ್: ಇವಿಷ್ಟನ್ನು ಬಣ್ಣದ ಪ್ರಿಂಟ್ ತೆಗೆದು ಲ್ಯಾಮಿನೇಟ್ ಮಾಡಿಸಿ ತೋರಿಸುತ್ತಾರೆ. (ಆ ಪ್ರಿಂಟುಗಳನ್ನು ತೆಗೆದು ಕೊಟ್ಟು ಹಣ ಪಡೆದವನು ನಾನೇ.) ಕಂಪನಿ ನೋಂದಣಿ ಎಂದರೆ ಜನನ ಪ್ರಮಾಣಪತ್ರದ ಹಾಗೆ, ಹುಟ್ಟಿದೆ ಎಂದು ಹೇಳುತ್ತದೆ, ಸಾಚಾ ಎಂದು ಹೇಳುವುದಿಲ್ಲ. ಉದ್ಯಮ್ ನೋಂದಣಿಯಂತೂ ನಾವೇ ಘೋಷಿಸಿಕೊಂಡು ಕ್ಷಣದಲ್ಲಿ ಪಡೆಯುವಂಥದ್ದು. ಕಮಿಷನ್ನಿನಿಂದ ಟಿಡಿಎಸ್ ಹಿಡಿದರೆಂದು ಸರಕಾರ ಒಪ್ಪಿದ ಹಾಗೂ ಅಲ್ಲ.

ನೋಡಬೇಕಾದ್ದು ಬೇರೆ. ಜನರಿಂದ ಠೇವಣಿ ಎತ್ತುವುದಾದರೆ ರಿಸರ್ವ್ ಬ್ಯಾಂಕಿನ ಅಥವಾ ಸಂಬಂಧಪಟ್ಟ ನಿಯಂತ್ರಕರ ಅನುಮತಿ ಬೇಕು. ಷೇರು, ಹೂಡಿಕೆ ಎಂದರೆ ಷೇರುಪೇಟೆಯ ನಿಯಂತ್ರಕ ಸೆಬಿಯದು. ರಿಸರ್ವ್ ಬ್ಯಾಂಕ್ 2016ರಲ್ಲಿ ಆರಂಭಿಸಿದ ಸಚೇತ್ ಎಂಬ ಜಾಲತಾಣದಲ್ಲಿ ಯಾರಿಗೆ ಠೇವಣಿ ಪಡೆಯಲು ಅನುಮತಿ ಇದೆ ಎಂದು ಹುಡುಕಬಹುದು, ದೂರನ್ನೂ ಅಲ್ಲೇ ಕೊಡಬಹುದು. ನೇರ ಮಾರಾಟದ ಕಂಪನಿ ಎನ್ನುವುದಾದರೆ 2021ರ ಡಿಸೆಂಬರಿನಲ್ಲಿ ಬಂದ ಗ್ರಾಹಕ ಸಂರಕ್ಷಣಾ ನೇರ ಮಾರಾಟ ನಿಯಮಗಳು ಅನ್ವಯಿಸುತ್ತವೆ: ಸೇರಲು ಶುಲ್ಕ ಕೇಳುವಂತಿಲ್ಲ, ಭಾರತದಲ್ಲಿ ನಿಜವಾದ ಕಚೇರಿ ಇರಬೇಕು, ದೂರು ಕೇಳುವ ಅಧಿಕಾರಿಯ ಹೆಸರು, ಫೋನು ವೆಬ್‌ಸೈಟಿನಲ್ಲಿ ಇರಬೇಕು, ಮನಸ್ಸು ಬದಲಾದರೆ ಹಿಂದೆ ಸರಿಯಲು ಅವಧಿ ಕೊಡಬೇಕು. ಪಿರಮಿಡ್ ಯೋಜನೆಯನ್ನು ಆ ನಿಯಮಗಳೇ ನಿಷೇಧಿಸಿವೆ. ಜಾಯಿನಿಂಗ್ ಹಣ ಕೇಳಿದ ಕೂಡಲೇ ಉಳಿದ ಕಾಗದ ನೋಡುವ ಶ್ರಮ ಬೇಕಿಲ್ಲ.

ಹಣ ಯಾರ ಖಾತೆಗೆ ಹೋಗುತ್ತದೆ ಎಂದೂ ನೋಡಿ. ಕಂಪನಿಯ ಹೆಸರು ಒಂದು, ಗೂಗಲ್ ಪೇಯಲ್ಲಿ ಬರುವ ಹೆಸರು ಯಾರೋ ವ್ಯಕ್ತಿಯದ್ದು ಎಂದಾದರೆ ಅಲ್ಲೇ ನಿಲ್ಲಿಸಿ. ಕಮಿಷನ್ ಪಡೆಯುವಾಗಲೂ ಅದೇ. ಅಪರಿಚಿತರ ಖಾತೆಯಿಂದ ಬಂದ ಹಣ ಯಾವುದೋ ಸೈಬರ್ ವಂಚನೆಯದ್ದಾಗಿದ್ದರೆ ನಿಮ್ಮ ಖಾತೆಯನ್ನೇ ಬ್ಯಾಂಕು ತಡೆಹಿಡಿಯಬಹುದು.

ಆರನೇ ಹೆಜ್ಜೆ: ಕಾನೂನು ನಿಮ್ಮನ್ನು ಎಲ್ಲಿ ನಿಲ್ಲಿಸುತ್ತದೆ ಎಂದು ತಿಳಿಯುವುದು

1978ರ ಪ್ರೈಜ್ ಚಿಟ್ಸ್ ಮತ್ತು ಮನಿ ಸರ್ಕ್ಯುಲೇಶನ್ ಯೋಜನೆಗಳ ನಿಷೇಧ ಕಾಯಿದೆ ಇಂಥ ಯೋಜನೆ ನಡೆಸುವುದನ್ನು ಮಾತ್ರ ಅಲ್ಲ, ಅದಕ್ಕೆ ಸದಸ್ಯನಾಗುವುದನ್ನೂ, ಅದಕ್ಕಾಗಿ ಹಣ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸುತ್ತದೆ. ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆ. 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯಿದೆ ಇನ್ನೂ ಬಿಗಿ: ಇಂಥ ಠೇವಣಿಗೆ ಜನರನ್ನು ಕರೆದವರಿಗೇ ಒಂದರಿಂದ ಐದು ವರ್ಷ ಜೈಲು, 2 ಲಕ್ಷದಿಂದ 10 ಲಕ್ಷದವರೆಗೆ ದಂಡ. "ನಾನು ಕಂಪನಿಯವನಲ್ಲ, ಬರೇ ಲಿಂಕ್ ಕಳಿಸಿದ್ದು" ಎಂಬ ಮಾತು ಅಲ್ಲಿ ನಿಲ್ಲುವುದು ಕಷ್ಟ.

ಕೇರಳದಲ್ಲಿ ಇದು ಬರೀ ಪುಸ್ತಕದ ಕಾನೂನು ಅಲ್ಲ. 625 ರೂಪಾಯಿಯ ಯೂನಿಟ್, ಜೊತೆಗೆ ಲಾಟರಿ ಟಿಕೆಟ್, ಹೊಸಬರು ಸೇರಿದ ಹಾಗೆ ದುಪ್ಪಟ್ಟು ಹಣ ಎಂದಿದ್ದ ಇಲ್ಲಿನ ಒಂದು ಯೋಜನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಪ್ರಕರಣ ಕೈಬಿಡಿ ಎಂದು ಬೇಡಿದವರ ಮಾತನ್ನು 2008ರಲ್ಲಿ ಕೋರ್ಟು ಒಪ್ಪಲಿಲ್ಲ. ತೃಶ್ಶೂರಿನ ಹೈರಿಚ್ ಎಂಬ ಜನ ಸೇರಿಸುವ ಕಂಪನಿಯ ಪ್ರಕರಣದಲ್ಲಿ 2024ರ ಆರಂಭದಲ್ಲಿ ಜಾರಿ ನಿರ್ದೇಶನಾಲಯ ಶೋಧ ನಡೆಸಿದ್ದನ್ನು ನಮ್ಮಲ್ಲಿ ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ.

ಏಳನೇ ಹೆಜ್ಜೆ: ಸಂಬಂಧ ಕೆಡದಂತೆ ಬೇಡ ಎನ್ನುವುದು

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಕಷ್ಟದ ಹೆಜ್ಜೆ ಇದು. ಮೇಲಿನ ಲೆಕ್ಕ ಯಾರಿಗೂ ಅರ್ಥವಾಗುತ್ತದೆ. ಆದರೆ ಎದುರಿಗೆ ಅತ್ತೆಯ ಮಗ ಕೂತಿರುತ್ತಾನೆ, ಚಾ ತಣಿಯುತ್ತಿರುತ್ತದೆ, ಅವನು ಈಗಾಗಲೇ ಚಿನ್ನ ಅಡವಿಟ್ಟು ಪ್ಯಾಕೇಜು ತೆಗೆದುಕೊಂಡಿರುತ್ತಾನೆ. ಬೇಡ ಎಂದರೆ ಅವನ ಮೇಲೆ ನಂಬಿಕೆಯಿಲ್ಲ ಎಂದಾಗುತ್ತದೆ. ಮುಂದಿನ ಬ್ರಹ್ಮಕಲಶದಲ್ಲಿ ಮುಖ ನೋಡಬೇಕಲ್ಲ ಎಂದು ಏಳೂವರೆ ಸಾವಿರ ಕೊಟ್ಟವರು ಎಷ್ಟೋ ಮಂದಿ. ನಾನು ಕೊಟ್ಟದ್ದೂ ಅರ್ಧ ಆಸೆಗೆ, ಅರ್ಧ ದಾಕ್ಷಿಣ್ಯಕ್ಕೆ.

ಅವರ ಜೊತೆ ವಾದ ಮಾಡಬೇಡಿ. ಆಕ್ಷೇಪಗಳಿಗೆ ಉತ್ತರ ಹೇಳುವುದನ್ನೇ ಅವರಿಗೆ ಕಲಿಸಿರುವುದು. "ಯೋಚಿಸಿ ಹೇಳುತ್ತೇನೆ" ಎನ್ನಬೇಡಿ. ಅದು ಅವರ ಪುಸ್ತಕದಲ್ಲಿ ಅರ್ಧ ಒಪ್ಪಿಗೆ, ನಾಳೆಯಿಂದ ಅಪ್‌ಲೈನಿನವನೇ (ಅವರನ್ನು ಸೇರಿಸಿದ ಮೇಲಿನವನೇ) ಫೋನು ಮಾಡುತ್ತಾನೆ. "ಈಗ ಹಣ ಇಲ್ಲ" ಎಂದೂ ಹೇಳಬೇಡಿ, ಕ್ರೆಡಿಟ್ ಕಾರ್ಡು ಉಂಟಲ್ಲ ಎನ್ನುತ್ತಾರೆ. ನನಗೆ ಕೆಲಸಕ್ಕೆ ಬಂದ ಮಾತು ಇದು: "ಜನ ಸೇರಿಸುವ ಯಾವುದಕ್ಕೂ ನಾನು ಸೇರುವುದಿಲ್ಲ ಎಂದು ಮನೆಯಲ್ಲಿ ಮಾತಾಗಿದೆ. ನಿನಗೆ ಹಣದ ಅಡಚಣೆ ಇದ್ದರೆ ಹೇಳು, ಕೈಲಾದಷ್ಟು ಸಾಲ ಕೊಡುತ್ತೇನೆ. ಐಡಿಗೆ ಮಾತ್ರ ಇಲ್ಲ." ಹೀಗಂದರೆ ಬೇಡವಾದದ್ದು ಯೋಜನೆ, ಮನುಷ್ಯನಲ್ಲ ಎಂದು ಅವನಿಗೂ ತಿಳಿಯುತ್ತದೆ. ಮಾತು ಅಲ್ಲಿಗೆ ಮುಗಿಸಿ, ಅಡಿಕೆಗೆ ಈ ಸಲ ಬಂದ ಕೊಳೆರೋಗದ ವಿಚಾರ ತೆಗೆಯಿರಿ.

ಮನೆಯ ಹೆಂಗಸರಿಗೆ ಇದನ್ನು ಮೊದಲೇ ಹೇಳಿಡಿ. ಕೇರಳದ ಮಹಿಳಾ ಸ್ವಸಹಾಯ ಯೋಜನೆಯಾದ ಕುಡುಂಬಶ್ರೀಯ ಅಯಲ್‌ಕೂಟದ (ನೆರೆಹೊರೆಯ ಗುಂಪಿನ) ಪರಿಚಯವನ್ನು ಹಿಡಿದು ಒಳಗೆ ಬರುವವರು ಹೆಚ್ಚು, ಅಲ್ಲಿ ಒಬ್ಬರಿಗೊಬ್ಬರ ಮೇಲೆ ನಂಬಿಕೆ ಇರುವುದರಿಂದಲೇ. ಗಲ್ಫಿನಲ್ಲಿರುವ ಮಕ್ಕಳಿಗೂ ಹೇಳಿ. ಅಲ್ಲಿಂದ ಬರುವ ಹಣದ ಮೇಲೆ ಎಲ್ಲ ಲೀಡರುಗಳ ಕಣ್ಣು.

ಈಗಾಗಲೇ ಸೇರಿದ್ದರೆ

ಮೊದಲ ಕೆಲಸ, ಇನ್ನೊಬ್ಬರನ್ನು ಸೇರಿಸುವುದನ್ನು ಇಂದೇ ನಿಲ್ಲಿಸುವುದು. "ಇನ್ನಿಬ್ಬರು ಬಂದರೆ ನನ್ನದು ವಸೂಲಿ" ಎಂಬ ಯೋಚನೆಯಲ್ಲೇ ಸಂತ್ರಸ್ತ ಆರೋಪಿಯಾಗುತ್ತಾನೆ. ಅಪ್‌ಗ್ರೇಡ್ ಮಾಡಿದರೆ ವಿತ್‌ಡ್ರಾ ಆಗುತ್ತದೆ, ಕೆವೈಸಿ ಶುಲ್ಕ ಕಟ್ಟಿದರೆ ಆಗುತ್ತದೆ ಎಂದರೆ ಒಂದು ರೂಪಾಯಿಯೂ ಬೇಡ.

ಸಿಟ್ಟಿನಲ್ಲಿ ವಾಟ್ಸಾಪ್ ಗುಂಪಿನಿಂದ ಹೊರಬರಬೇಡಿ. ಮೊದಲು ಎಕ್ಸ್‌ಪೋರ್ಟ್ ಚಾಟ್ ಒತ್ತಿ ಇಡೀ ಮಾತುಕತೆಯನ್ನು ನಿಮ್ಮ ಇಮೇಲಿಗೆ ಕಳಿಸಿಕೊಳ್ಳಿ. ಆ್ಯಪಿನ ಒಳಗಿನ ಐಡಿ, ವಾಲೆಟ್, ಮರದ ಚಿತ್ರ, ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ನಾಳೆ ಅದು ತೆರೆಯುತ್ತದೆ ಎಂಬ ಖಾತರಿಯಿಲ್ಲ. ಹಣ ಕಳಿಸಿದ ಪ್ರತಿ ಸಲದ ಯುಟಿಆರ್ ಸಂಖ್ಯೆ (ಆ ವರ್ಗಾವಣೆಯ ಗುರುತಿನ ಸಂಖ್ಯೆ), ತಾರೀಕು, ಎದುರಿನ ಖಾತೆಯ ಹೆಸರು ಬರೆದಿಡಿ. ನಾನು ಇದ್ಯಾವುದನ್ನೂ ಮಾಡಲಿಲ್ಲ. ಠಾಣೆಯಲ್ಲಿ ದಾಖಲೆ ಎಲ್ಲಿ ಎಂದು ಕೇಳಿದಾಗ ನನ್ನಲ್ಲಿ ಇದ್ದದ್ದು ಖಾಲಿ ಜ್ಯೂಸಿನ ಬಾಟಲಿ.

ಹಣ ಕಳಿಸಿ ಗಂಟೆಗಳಷ್ಟೇ ಆಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದರೆ ಎದುರಿನ ಖಾತೆಯಲ್ಲೇ ಹಣ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ತಿಂಗಳುಗಳಾಗಿದ್ದರೆ ಆ ಅವಸರಕ್ಕೆ ಅರ್ಥವಿಲ್ಲ, ಆದರೂ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ. ಕಾಸರಗೋಡಿನಲ್ಲಿ ಜಿಲ್ಲೆಯ ಸೈಬರ್ ಠಾಣೆ ಇದೆ. ವಸ್ತು ಕೊಂಡು ಮೋಸ ಹೋದ ಭಾಗಕ್ಕೆ ಗ್ರಾಹಕ ಸಹಾಯವಾಣಿ 1915. "ಲೀಡರು ಮಂಗಳೂರಿನವ, ಕಂಪನಿ ಬೇರೆ ರಾಜ್ಯದ್ದು, ನಾನು ಕೇರಳದವ, ಎಲ್ಲಿ ದೂರು ಕೊಡುವುದು?" ಎಂದು ಗಡಿಯ ಜನ ತಿಂಗಳುಗಟ್ಟಲೆ ಕಳೆಯುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲೂ ಮಾಹಿತಿ ಕೊಡಬಹುದು. ಬದಿಯಡ್ಕವೋ ಮಂಜೇಶ್ವರವೋ, ಹತ್ತಿರದ್ದು ಸಾಕು. ಕನ್ನಡದಲ್ಲಿ ಬರೆಯಲು ಹಿಂಜರಿಯಬೇಡಿ; ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ ಅಧಿಕೃತ ಭಾಷಾ ಕಾಯಿದೆಯೇ ನಮಗೆ ಕೊಟ್ಟಿದೆ. ಒಬ್ಬೊಬ್ಬರೇ ಹೋಗುವುದಕ್ಕಿಂತ ಏಳೆಂಟು ಮಂದಿ ಸೇರಿ ಒಂದೇ ದಿನ ಹೋದರೆ ಠಾಣೆಯವರು ಕುರ್ಚಿ ಎಳೆದು ಕೂರಿಸುತ್ತಾರೆ. ದೂರು ಕೊಟ್ಟ ರಶೀದಿ ಕೇಳಿ ಪಡೆಯಿರಿ.

ದೂರಿನ ಸುದ್ದಿ ಹೊರಬಿದ್ದ ಮೇಲೆ ಎರಡನೆಯ ಸುತ್ತಿನವರು ಬರುತ್ತಾರೆ: "ನಿಮ್ಮ ಹಣ ವಾಪಸು ತರಿಸುತ್ತೇವೆ, ನೂರಕ್ಕೆ ಹತ್ತು ಮುಂಗಡ ಕೊಡಿ." ಇವರಲ್ಲಿ ಎಷ್ಟೋ ಮಂದಿ ಹಳೆಯ ಸದಸ್ಯರ ಪಟ್ಟಿಯನ್ನು ಕೊಂಡವರು. ಮಾತು ಮುಂದುವರಿಸಬೇಡಿ.

ಕೊನೆಯದು, ನೀವು ಸೇರಿಸಿದವರ ಮನೆಗೆ ಹೋಗುವುದು. ವಾಟ್ಸಾಪಿನಲ್ಲಿ ಹೇಳಿ ಮುಗಿಸುವ ಕೆಲಸ ಅಲ್ಲ ಇದು. ಹೋಗಿ, ಕಂಪನಿ ಮುಳುಗಿದೆ ಎಂದು ನೀವೇ ಬಾಯಿಬಿಟ್ಟು ಹೇಳಿ, ಅವರ ಸ್ಕ್ರೀನ್‌ಶಾಟುಗಳನ್ನು ಅಲ್ಲೇ ತೆಗೆಸಿ, ದೂರಿಗೆ ಅವರ ಹೆಸರನ್ನೂ ಸೇರಿಸಿ. ಇಚ್ಚ ನಕ್ಕು ಬಿಟ್ಟರು. ಮಾಷ್ಟ್ರ ಮಗ ಮಾತು ಬಿಟ್ಟವನು ಇನ್ನೂ ಬಿಟ್ಟೇ ಇದ್ದಾನೆ. ತೋಟದ ಅಕ್ಕ ಆ 7,500ನ್ನು ಮಗಳ ಕಿವಿಯೋಲೆ ಅಡವಿಟ್ಟು ತಂದದ್ದೆಂದು ನನಗೆ ತಿಳಿದದ್ದು ಆ ದಿನವೇ. ತಿಂಗಳಿಗೆ 500ರಂತೆ ಹದಿನೈದು ತಿಂಗಳು ಕೊಟ್ಟೆ. ಪ್ರತಿ ಸಲ ಅವರು ಹಣವನ್ನು ಎರಡು ಸಲ ಎಣಿಸುತ್ತಿದ್ದರು.